ಅತ್ಗೆ ಹಾಕಿದ ಕರಾರು

ಹೋದ ಸಲ ಅಪ್ಪೆಹುಳಿ ಬಗ್ಗೆ ಬರೆದಿದ್ದೆ. ಈ ಸಲ ಅಡಿಗೆಮನೆ ಸುದ್ದಿ ಅಲ್ಲ. ನಮ್ಮ ಅತ್ಗೆ ಸುದ್ದಿ. ಇವರ ಅಕ್ಕ. ಕಾರ್ಗಲ್ಲಿಂದ ಹಿಡಿದು ಹೊಸನಗರ, ತೀರ್ಥಹಳ್ಳಿವರೆಗೆ ನಮ್ಮ ನೆಂಟರಿಷ್ಟರೆಲ್ಲ ಫೋನ್ ಮಾಡಿ ಕೇಳ್ತಾ ಇದ್ದೀರಿ. ಒಬ್ಬೊಬ್ಬರಿಗೂ ಮೊದಲಿಂದ ಹೇಳಿ ಹೇಳಿ ನಂಗೂ ಸಾಕಾತು. ಕೇಳುವವರಲ್ಲಿ ಅರ್ಧ ಜನ ಕೊನೆಗೆ ಒಂದೇ ಮಾತು ಹೇಳ್ತಾರೆ: "ಮಿದುಳಿಗೇ ಹೋದ ಮೇಲೆ ಇನ್ನೆಂತ ಔಷಧಿ ಮಾರಾಯ್ತಿ, ಸುಮ್ನೆ ದುಡ್ಡು ಹಾಳು." ಆ ಮಾತಿಗೆ ಉತ್ತರ ಕೊಡಬೇಕು ಅಂತಲೇ ಇಷ್ಟುದ್ದ ಬರೀತಾ ಇದ್ದೇನೆ. ಅತ್ಗೆಯನ್ನು ಕೇಳಿಯೇ ಬರೆದದ್ದು. "ಬರಿ, ಆದ್ರೆ ಪಾಪ ಪಾಪ ಹೇಳಿ ಬರೆಯಡ" ಅಂದಿದ್ದಾರೆ.

ಸುರುವಾಗಿದ್ದು ಹೋದ ವರ್ಷ ಕೊನೆ ಕೊಯ್ಲಿನ ಹೊತ್ತಿಗೆ. ಅಡಿಕೆ ಸುಲಿಯೋದರಲ್ಲಿ ನಮ್ಮ ಅತ್ಗೆಯನ್ನು ಮೀರಿಸುವವರು ಇಲ್ಲ ಅಂತ ನಿಮಗೆಲ್ಲ ಗೊತ್ತು. ಅಂಥವರ ಎಡಗೈಯಿಂದ ಅಡಿಕೆ ಜಾರಿ ಬೀಳೋಕೆ ಶುರುವಾಯ್ತು. "ಕೈಗೆ ಎಂತ ಆತೇನ, ಹಿಡಿದದ್ದು ನಿಲ್ತಿಲ್ಲೆ" ಅಂತ ಎರಡು ದಿನ ಹೇಳಿದರು. ಮೂರನೇ ದಿನ ಚಾ ಸೋಸುವಾಗ ಲೋಟ ಬಿಟ್ಟು ಪಕ್ಕಕ್ಕೆ ಸುರಿದರು. ಜೊತೆಗೆ ತಿಂಗಳಿಂದ ಬಿಡದ ಒಣಕೆಮ್ಮು. ಭಾವ ಸಾಗರಕ್ಕೆ ಕರ್ಕೊಂಡು ಹೋದರು, ಅಲ್ಲಿಂದ ಶಿವಮೊಗ್ಗ, ಅಲ್ಲಿ ತಲೆ ಸ್ಕ್ಯಾನು, ಆಮೇಲೆ ಎದೆ ಸ್ಕ್ಯಾನು. ಬಲ ಶ್ವಾಸಕೋಶದಲ್ಲಿ ಗಡ್ಡೆ, ಮಿದುಳಿನಲ್ಲಿ ಮೂರು ಚುಕ್ಕೆ.

ಅತ್ಗೆ ಬೀಡಿ ಸಿಗರೇಟು ಮುಟ್ಟಿದವರಲ್ಲ, ಕವಳ ಕೂಡ ಊಟದ ಮೇಲೆ ಒಂದೇ. ಭಾವ ಬೀಡಿ ಬಿಟ್ಟು ಹದಿನೈದು ವರ್ಷ ಆಯ್ತು. ಆದರೆ ನಲವತ್ತು ವರ್ಷ ಕಟ್ಟಿಗೆ ಒಲೆ, ಬಚ್ಚಲ ಒಲೆ, ಅಡಿಕೆ ಬೇಯಿಸುವ ಒಲೆ ಮುಂದೆ ಕೂತವರು. ಮನೆಯೊಳಗೆ ಕಟ್ಟಿಗೆ ಉರಿಸಿದ ಹೊಗೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದವರು "ಕ್ಯಾನ್ಸರ್ ತರಬಹುದಾದದ್ದು" ಎಂಬ ಪಟ್ಟಿಗೆ ಸೇರಿಸಿದ್ದಾರೆ. ನಮ್ಮ ಅಡಿಕೆಯನ್ನಂತೂ ಅವರೇ 2004ರಲ್ಲಿ ಖಚಿತ ಕಾರಣಗಳ ಸಾಲಿಗೆ ಹಾಕಿದ್ದಾರೆ, ಅದು ಹೆಚ್ಚಾಗಿ ಬಾಯಿ ಕ್ಯಾನ್ಸರಿಗೆ. ಅತ್ಗೆಗೆ ಯಾವುದರಿಂದ ಬಂತು ಅಂತ ಯಾರೂ ಬೊಟ್ಟು ಮಾಡಿ ಹೇಳಲಿಲ್ಲ. ನಾವೂ ಹುಡುಕೋದು ಬಿಟ್ಟೆವು. ಬಚ್ಚಲಿಗೆ ಮಾತ್ರ ಹೊಗೆ ಕೊಳವೆ ಹಾಕಿಸಿದೆವು.

ಮೊದಲ ವಾರ ಮನೆಯಲ್ಲಿ ನಡೆದದ್ದು ನಮ್ಮ ಕಡೆ ಎಲ್ಲ ಮನೆಯಲ್ಲೂ ನಡೆಯುವಂಥದ್ದೇ. ಗಂಡಸರೆಲ್ಲ ಜಗಲಿಯಲ್ಲಿ ಪಿಸಪಿಸ. "ಅದಕ್ಕೆ ಹೇಳಡಿ, ಎದೆ ಒಡೆದು ಹೋಗ್ತು" ಅಂತ ತೀರ್ಮಾನ. ಅತ್ಗೆಗೆ ಹೇಳಿದ್ದು "ನರದ ತೊಂದರೆ" ಅಂತ. ಅವರು ಎರಡು ದಿನ ಸುಮ್ಮನಿದ್ದರು. ಮೂರನೇ ದಿನ ಬೆಳಗ್ಗೆ ದೋಸೆ ತಿಂತಾ ಎಲ್ಲರ ಎದುರೇ ಕೇಳಿದರು: "ಯನ್ನ ತಲೆಯೊಳಗೆ ಎಂತ ಇದ್ದು ಹೇಳಿ ಯಂಗೇ ಹೇಳದ್ದೆ ಮತ್ಯಾರಿಗೆ ಹೇಳವು?" ಯಾರಿಗೂ ಬಾಯಿ ಬರಲಿಲ್ಲ. ಕಡೆಗೆ ಮಾಣಿಯೇ, ಅವರ ಮಗನೇ, ಪಕ್ಕದಲ್ಲಿ ಕೂತು ಎಲ್ಲ ಹೇಳಿದ. ಅತ್ಗೆ ದೋಸೆ ತಿಂದು ಮುಗಿಸಿ ಕೈ ತೊಳೆದು, "ಸರಿ, ಈಗ ಡಾಕ್ಟ್ರು ಎಂತ ಹೇಳ್ತ ಅದನ್ನ ಯಾನೂ ಕೇಳವು" ಅಂದರು.

ಹಾಗಾಗಿ ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ ಹೋದಾಗ ಅತ್ಗೆ ಒಳಗೇ ಕೂತರು, ಜೊತೆಗೆ ಭಾವ, ಮಾಣಿ, ನಾನು. ಡಾಕ್ಟರು ಹೆಣ್ಣುಮಗಳು, ನಮ್ಮ ಮಗಳ ಪ್ರಾಯ. ಚೆನ್ನಾಗಿ ಬಿಡಿಸಿ ಹೇಳಿದರು. ನಂಗೆ ತಿಳಿದಷ್ಟನ್ನು ನಮ್ಮ ಮನೆ ಭಾಷೆಯಲ್ಲೇ ಹೇಳ್ತೇನೆ.

ನಮ್ಮ ಮೈಯಲ್ಲಿ ಕಾವಲು ಕಾಯುವ ಜೀವಕಣಗಳಿರ್ತಾವೆ. ಮನೆ ನಾಯಿ ಇದ್ದ ಹಾಗೆ ಅಂತ ತಿಳ್ಕೊಳ್ಳಿ. ಹೊರಗಿನವರು ಬಂದರೆ ಬೊಗಳಿ ಮೈಮೇಲೆ ಹೋಗೋದು ಅದರ ಕೆಲಸ. ಮನೆಯವರು ಕೈ ಎತ್ತಿ "ಹಚಾ" ಅಂದರೆ ಸುಮ್ಮನಾಗ್ತದೆ. ಇಲ್ಲದಿದ್ದರೆ ಮನೆಯವರನ್ನೇ ಕಚ್ಚೀತು. ಕ್ಯಾನ್ಸರ್ ಕಣ ಎಂಥ ಕಳ್ಳ ಅಂದರೆ, ಅದೂ ಆ ಕೈ ಎತ್ತೋದನ್ನು ಕಲಿತಿರ್ತದೆ. ನಾಯಿ ಎದುರೇ ಇದ್ದೂ ಬಾಲ ಮುದುರಿ ಕೂತಿರ್ತದೆ. ಈ ಹೊಸ ಔಷಧಿ ಕಳ್ಳನನ್ನು ನೇರವಾಗಿ ಕೊಲ್ಲೋದಿಲ್ಲ. ನಾಯಿಗೆ ಆ ಕೈ ಕಾಣದ ಹಾಗೆ ಮರೆ ಮಾಡ್ತದೆ. ಆಮೇಲೆ ನಾಯಿ ತನ್ನ ಕೆಲಸ ತಾನು ಮಾಡ್ತದೆ. ಇದಕ್ಕೇ ಇಮ್ಯುನೊಥೆರಪಿ ಅಂತಾರೆ. ನಾಯಿ ಕಡೆಗೆ ಇರುವ, ಆ ಕೈಯನ್ನು ಗುರುತಿಸುವ ಪಿಡಿ-1 ಅನ್ನೋದನ್ನು ಜಪಾನಿನ ತಸುಕು ಹೊಂಜೊ ಅನ್ನುವವರು 1992ರಲ್ಲಿ ಪತ್ತೆ ಮಾಡಿದ್ದು. ಇಂಥದ್ದೇ ಇನ್ನೊಂದು ತಡೆಯ ಮೇಲೆ ಕೆಲಸ ಮಾಡಿದ ಅಮೆರಿಕದ ಜೇಮ್ಸ್ ಆಲಿಸನ್ ಮತ್ತು ಅವರು, ಇಬ್ಬರಿಗೂ 2018ರಲ್ಲಿ ನೊಬೆಲ್ ಕೊಟ್ಟರು.

ಇನ್ನು ಮಿದುಳು. ಮಿದುಳಂದರೆ ನಮ್ಮ ದೇವರ ಕೋಣೆ ಇದ್ದ ಹಾಗೆ, ಮಡಿಯಲ್ಲಿಲ್ಲದವರಿಗೆ ಒಳಗೆ ಪ್ರವೇಶ ಇಲ್ಲ. ರಕ್ತದಲ್ಲಿ ಹೋಗುವ ಎಷ್ಟೋ ಔಷಧಿ ಅಲ್ಲಿ ಹೊಸಿಲು ದಾಟಿ ಸಾಕಷ್ಟು ಒಳಗೆ ಹೋಗೋದಿಲ್ಲ. ಅದಕ್ಕೇ ಮಿದುಳಿಗೆ ಹರಡಿದರೆ ಮುಗೀತು ಅಂತ ಹಿಂದೆ ಹೇಳ್ತಾ ಇದ್ದದ್ದು. ಆದರೆ ಈ ಕಾವಲಿನ ಕಣಗಳಿಗೆ ಅಲ್ಲಿಗೂ ಹೋಗೋ ದಾರಿ ಇದೆ. ಹೊರಗೆ ಎಚ್ಚರಗೊಂಡವು ಒಳಗೂ ಹೋಗಬಲ್ಲವು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು ಶ್ವಾಸಕೋಶದಿಂದ ಮಿದುಳಿಗೆ ಹರಡಿದವರಿಗೆ ಪೆಂಬ್ರೊಲಿಜುಮಾಬ್ ಅನ್ನುವ ಇಂಥ ಔಷಧಿ ಕೊಟ್ಟು ನೋಡಿ, 2020ರಲ್ಲಿ ಪೂರ್ತಿ ಲೆಕ್ಕ ಪ್ರಕಟಿಸಿದರು. ಗಡ್ಡೆಯಲ್ಲಿ ಆ "ಕೈ ಎತ್ತುವ" ಗುಣ ಕಂಡ 37 ಜನರಲ್ಲಿ 11 ಜನರ ಮಿದುಳಿನ ಗಡ್ಡೆ ಕುಗ್ಗಿತು. ಆ ಗುಣ ಕಾಣದ 5 ಜನರಲ್ಲಿ ಒಬ್ಬರಿಗೂ ಕುಗ್ಗಲಿಲ್ಲ.

ಈ ಲೆಕ್ಕವನ್ನು ಎರಡು ಸಲ ಓದಿ ಅಂತ ಕೇಳ್ಕೊಳ್ತೇನೆ. 37ರಲ್ಲಿ 11. "ಎಂತದೂ ಇಲ್ಲೆ" ಅನ್ನುವವರ ಮಾತೂ ಸುಳ್ಳು, "ಈಗ ಕ್ಯಾನ್ಸರಿಗೆ ಔಷಧಿ ಬೈಂದು, ಎಲ್ಲ ಗುಣ ಆಗ್ತು" ಅನ್ನುವವರ ಮಾತೂ ಸುಳ್ಳು.

ಎರಡನೇ ಥರದವರು ಹೇಳುವ ಕಥೆ ಜಿಮ್ಮಿ ಕಾರ್ಟರದ್ದು. ಅಮೆರಿಕದ ಅಧ್ಯಕ್ಷರಾಗಿದ್ದವರು, 1978ರಲ್ಲಿ ನಮ್ಮ ದೇಶಕ್ಕೂ ಬಂದಿದ್ದರು. 2015ರ ಆಗಸ್ಟಿನಲ್ಲಿ, 90 ವರ್ಷದ ಮುದುಕರು, ತಮಗೆ ಕ್ಯಾನ್ಸರ್ ಆಗಿ ಮಿದುಳಿನಲ್ಲಿ ನಾಲ್ಕು ಸಣ್ಣ ಚುಕ್ಕೆ ಇದೆ ಅಂತ ಎಲ್ಲರೆದುರು ಹೇಳಿದರು. ವಿಕಿರಣ ಕೊಟ್ಟರು, ಇದೇ ಪೆಂಬ್ರೊಲಿಜುಮಾಬ್ ಕೊಟ್ಟರು. ಡಿಸೆಂಬರಿನಲ್ಲಿ ಸ್ಕ್ಯಾನಿನಲ್ಲಿ ಚುಕ್ಕೆ ಇರಲಿಲ್ಲ. ಅವರು 2024ರ ಡಿಸೆಂಬರ್‌ವರೆಗೆ, ನೂರು ವರ್ಷ ತುಂಬಿಸಿಯೇ ಹೋದರು. ನಿಜವೇ. ಆದರೆ ಅವರದ್ದು ಮೆಲನೋಮ, ಚರ್ಮದ ಕ್ಯಾನ್ಸರು, ನಮ್ಮಲ್ಲಿ ಅಪರೂಪ. ಈ ಔಷಧಿಗೆ ಚೆನ್ನಾಗಿ ಬಗ್ಗುವ ಜಾತಿ. ಒಬ್ಬರ ಜಾತಕ ಇನ್ನೊಬ್ಬರಿಗೆ ಹೊಂದಿಸಿದ ಹಾಗೆ ಆಗಬಾರದು.

ಅದಕ್ಕೇ ಮೊದಲು ಪರೀಕ್ಷೆ. ಗಡ್ಡೆಯಿಂದ ಚೂರು ತೆಗೆದು ಎರಡು ಸಂಗತಿ ನೋಡ್ತಾರೆ. ಒಂದು, ಇಜಿಎಫ್‌ಆರ್, ಎಎಲ್‌ಕೆ ಅಂತ ಕೆಲವು ಬದಲಾವಣೆ ಇದೆಯಾ ಅಂತ. ಬೀಡಿ ಸೇದದ ಹೆಂಗಸರಲ್ಲಿ ಇದು ಹೆಚ್ಚು ಕಾಣ್ತದಂತೆ. ಇದ್ದರೆ ಮಾತ್ರೆ ಇದೆ, ಮಿದುಳಿಗೂ ಚೆನ್ನಾಗಿ ಹೋಗುವ ಮಾತ್ರೆ. ಅಂಥವರಿಗೆ ಇಮ್ಯುನೊಥೆರಪಿಗಿಂತ ಅದೇ ಮೊದಲು. ಇನ್ನೊಂದು, ನಾನು ಹೇಳಿದ ಕೈ ಎತ್ತುವ ಗುಣ, ಪಿಡಿ-ಎಲ್1 ಅಂತ, ಎಷ್ಟು ಪಾಲು ಕಣಗಳಲ್ಲಿದೆ ಅನ್ನೋದು. ವರದಿ ಬರೋಕೆ ಎರಡು ವಾರ ಹಿಡೀತು. ಆ ಎರಡು ವಾರ ಮನೆಯಲ್ಲಿ ಎಲ್ಲರಿಗೂ ಗಡಿಬಿಡಿ, "ಕಾಯ್ತಾ ಕೂತು ಎಂತ ಮಾಡ್ತ" ಅಂತ. ಕಾಯ್ದದ್ದೇ ಒಳ್ಳೆಯದಾಯ್ತು. ಅತ್ಗೆಗೆ ಮೊದಲಿನ ಬದಲಾವಣೆ ಯಾವುದೂ ಇರಲಿಲ್ಲ, ಎರಡನೆಯದು ಅರ್ಧಕ್ಕಿಂತ ಹೆಚ್ಚು ಇತ್ತು. ಅಂಥವರಿಗೆ ಕೀಮೊ ಇಲ್ಲದೆ ಇದೊಂದನ್ನೇ ಕೊಡಬಹುದು. ಆ ಗುಂಪಿನವರ ಮೇಲೆ ನಡೆದ ದೊಡ್ಡ ಪ್ರಯೋಗದಲ್ಲಿ ಐದು ವರ್ಷದ ನಂತರ ನೂರಕ್ಕೆ ಸುಮಾರು 32 ಜನ ಬದುಕಿದ್ದರು, ಕೀಮೊದಿಂದ ಶುರು ಮಾಡಿದವರಲ್ಲಿ ಸುಮಾರು 16. ಅವರಲ್ಲಿ ಹೆಚ್ಚಿನವರಿಗೆ ಮಿದುಳಿಗೆ ಹರಡಿರಲಿಲ್ಲ ಅಂತ ಡಾಕ್ಟರಮ್ಮ ಅದನ್ನೂ ಹೇಳಿದರು, ಮುಚ್ಚಿಡಲಿಲ್ಲ.

ಈಗ ದುಡ್ಡಿನ ಮಾತು. ಮೂರು ವಾರಕ್ಕೊಂದು ಸಲ ಡ್ರಿಪ್ಪು, ಅರ್ಧ ಗಂಟೆ ಕೆಲಸ. ಒಂದೊಂದು ಸಲಕ್ಕೂ ಲಕ್ಷದ ಮಾತು. ಎಲೆಚುಕ್ಕೆ ರೋಗ ಬಂದ ಮೇಲೆ ಅತ್ಗೆಮನೆ ತೋಟದ ಫಸಲು ಅರ್ಧಕ್ಕೆ ಇಳಿದಿದೆ. ಮಾಣಿ ಅಲ್ಲೇ ಹೇಳಿಬಿಟ್ಟ, "ಕೆಳಗಿನ ತೋಟ ಮಾರನ" ಅಂತ. ಭಾವ ತಲೆ ತಗ್ಗಿಸಿ ಕೂತಿದ್ದರು. ಆಗ ಅತ್ಗೆ ಹಾಕಿದ್ದು ಕರಾರು: "ತೋಟ ಮಾರಲಾಗ. ಯನ್ನ ಬಳೆ ಇದ್ದು, ಬ್ಯಾಂಕಲ್ಲಿಟ್ಟದ್ದು ಇದ್ದು. ಅದರಲ್ಲಿ ನಾಕು ಸಲ ಕೊಡ್ಸಿ. ಆಮೇಲೆ ಸ್ಕ್ಯಾನ್ ಮಾಡ್ಸನ. ಗುಣ ಕಂಡ್ರೆ ಮುಂದಿಂದು ಮುಂದೆ. ಇಲ್ಲೆ ಅಂದ್ರೆ ಮನೆಗೆ ಹೋಪನ." ಮಾಣಿಗೆ ಸಿಟ್ಟು, ಅಳು ಎರಡೂ ಬಂತು. "ಅಮ್ಮಾ, ಹಂಗೆಲ್ಲ ಹೇಳಡ" ಅಂದ. ಅದಕ್ಕೆ ಅವರು, "ಜೀವ ಯನ್ನದು, ತೋಟ ನಿಂಗಳ ಎಲ್ಲರದ್ದು. ಎರಡನ್ನೂ ಒಂದೇ ಸಲ ಕಳ್ಕಂಬ್ಲೆ ಆಗ್ತಿಲ್ಲೆ" ಅಂದರು.

ಡಾಕ್ಟರಮ್ಮ ಆ ಮಾತನ್ನು ಫೈಲಿನಲ್ಲಿ ಬರ್ಕೊಂಡರು. ಎಷ್ಟು ಸಲ ಕೊಟ್ಟ ಮೇಲೆ ನೋಡಬೇಕು, ಏನು ಕಂಡರೆ ನಿಲ್ಲಿಸಬೇಕು ಅಂತ ಮೊದಲೇ ಮಾತಾಡ್ಕೊಂಡ ಮನೆಯವರು ಕಡಿಮೆ ಅಂತ ಹೇಳಿ, ನಮ್ಮನ್ನು ಆಸ್ಪತ್ರೆಯ ಸಮಾಜಸೇವಾ ವಿಭಾಗಕ್ಕೆ ಕಳಿಸಿದರು. ನೀವೂ ಯಾರಿಗಾದರೂ ಇಂಥದ್ದು ಬಂದರೆ ಮೊದಲು ಅಲ್ಲಿಗೆ ಹೋಗಿ. ಔಷಧಿ ಕಂಪನಿಯವರೇ ಕೆಲವು ಡೋಸು ಬಿಟ್ಟುಕೊಡುವ ನೆರವಿನ ಯೋಜನೆಗಳಿರ್ತಾವೆ, ಅರ್ಜಿ ಹಾಕದೆ ಸಿಗೋದಿಲ್ಲ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಖರ್ಚಿನ ಶೇಕಡಾ 30, ಒಂದೂವರೆ ಲಕ್ಷದವರೆಗೆ ಇದೆ. ಯಾವ ಔಷಧಿ ಅದರಲ್ಲಿ ಬರ್ತದೆ, ಯಾವುದು ಬರೋದಿಲ್ಲ ಅಂತ ಹೆಸರು ಹಿಡಿದೇ ಕೇಳಿ. ಇನ್ನೊಂದು ಸಂಗತಿ ಮಗಳು ಓದಿ ಹೇಳಿದ್ದು. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ಬಾಯಿ-ಗಂಟಲು ಕ್ಯಾನ್ಸರ್ ಮುಂದುವರಿದ ಬಡವರಿಗೆ ಇದೇ ಗುಂಪಿನ ನಿವೊಲುಮಾಬ್ ಔಷಧಿಯನ್ನು 20 ಮಿಲಿಗ್ರಾಂ ಮಾತ್ರ, ಅಂದರೆ ಮಾಮೂಲು ಅಳತೆಯ ಹತ್ತರಲ್ಲೊಂದು ಪಾಲೂ ಇಲ್ಲ, ಮೂರು ವಾರಕ್ಕೊಮ್ಮೆ ಬೇರೆ ಅಗ್ಗದ ಔಷಧಿ ಜೊತೆ ಕೊಟ್ಟು ನೋಡಿದರು. ವರ್ಷದ ನಂತರ ಬದುಕಿದ್ದವರು ನೂರಕ್ಕೆ 16 ಇದ್ದದ್ದು 43 ಆಯ್ತು. ಅದು ಮಿದುಳಿಗೆ ಹರಡಿದವರಿಗೆ ಅಂತ ಮಾಡಿದ ಪ್ರಯೋಗ ಅಲ್ಲ. ಆದರೂ ನಮ್ಮಂಥ ಕವಳದ ಊರಿನವರು ತಿಳಿದಿರಬೇಕಾದ್ದು.

ನೆಂಟರಲ್ಲಿ ಕೆಲವರು ನರಸೀಪುರಕ್ಕೆ ಹೋಗಿ ಅಂದರು. ನಮ್ಮ ತಾಲೂಕಿನ ಆನಂದಪುರದ ಹತ್ತಿರದ ಆ ಊರಿಗೆ ಮರದ ಚಕ್ಕೆಯ ಔಷಧಿಗೆ ಗುರುವಾರ, ಭಾನುವಾರ ದೇಶದ ಮೂಲೆಮೂಲೆಯಿಂದ ಜನ ಬಂದು ರಾತ್ರಿಯಿಡೀ ಸಾಲು ನಿಲ್ತಾ ಇದ್ದದ್ದನ್ನು ನಾವೆಲ್ಲ ಕಂಡವರು. ಆ ವೈದ್ಯರು 2020ರಲ್ಲಿ ತೀರಿಕೊಂಡರು. ಕೈಯಲ್ಲಿ ಸ್ಕ್ಯಾನ್ ಲಕೋಟೆ ಹಿಡಿದು ಚಳಿಯಲ್ಲಿ ನಿಂತವರ ಆಸೆಯನ್ನು ನಾನು ಹಗುರ ಮಾಡೋದಿಲ್ಲ. ಆದರೆ ಅತ್ಗೆ ಡಾಕ್ಟರಮ್ಮನ ಹತ್ತಿರ ನೇರ ಕೇಳಿದರು, ಕಷಾಯ ಜೊತೆಗೆ ಕುಡಿಯಬಹುದಾ ಅಂತ. "ಈ ಔಷಧಿಯಿಂದಲೂ ಪಿತ್ತಕೋಶಕ್ಕೆ ಏಟು ಬೀಳಬಹುದು. ಎರಡೂ ತಗೊಂಡರೆ ಯಾವುದರಿಂದ ಆಯ್ತು ಅಂತ ನಂಗೆ ತಿಳಿಯೋದಿಲ್ಲ. ನಿಲ್ಲಿಸಬೇಕಾದ್ದನ್ನು ಬಿಟ್ಟು ಇನ್ನೊಂದನ್ನು ನಿಲ್ಲಿಸ್ತೇನೆ" ಅಂದರು. ಅದು ಅತ್ಗೆಗೆ ಸರಿ ಕಂಡಿತು, ಬಿಟ್ಟರು.

ಮೊದಲು ಮಿದುಳಿನ ಮೂರು ಚುಕ್ಕೆಗೆ ಗುರಿಯಿಟ್ಟು ವಿಕಿರಣ. ಕತ್ತಿ ಇಲ್ಲ, ಕುಯ್ಯೋದಿಲ್ಲ. ಇಂಥ ಗಾಮಾ ನೈಫ್ ಯಂತ್ರ ಬೆಂಗಳೂರಿನ ನಿಮ್ಹಾನ್ಸಿನಲ್ಲೂ ಇದೆ. ಊತ ಇಳಿಯೋಕೆ ಸ್ಟೆರಾಯ್ಡ್ ಮಾತ್ರೆ ಕೊಟ್ಟಿದ್ದರು, ಅದರಿಂದ ಕೈಗೆ ಬಲ ಬಂತು, ಮುಖ ಮಾತ್ರ ಕಡುಬಿನ ಹಾಗೆ ಊದಿತು. ಆ ಮಾತ್ರೆ ಕಾವಲು ನಾಯಿಯನ್ನೂ ಮಂಕು ಮಾಡ್ತದಂತೆ. ಹಾಗಾಗಿ ಡ್ರಿಪ್ಪಿಗೆ ಮುಂಚೆ ಸ್ವಲ್ಪ ಸ್ವಲ್ಪವೇ ಇಳಿಸಿದರು. ನಾವಾಗಿಯೇ ನಿಲ್ಲಿಸೋ ಹಾಗಿಲ್ಲ, ಅದು ಅಪಾಯ.

ಆಮೇಲೆ ಮೂರು ವಾರಕ್ಕೊಮ್ಮೆ ಕೋಗಾರು ಘಾಟಿ ಇಳಿದು ಭಟ್ಕಳ, ಕುಂದಾಪುರ. ಬುತ್ತಿಗೆ ಮೊಸರನ್ನ, ಮಿಡಿ ಉಪ್ಪಿನಕಾಯಿ. ವಾಂತಿ ಇಲ್ಲ, ಕೂದಲೂ ಹೋಗಲಿಲ್ಲ. ಅದನ್ನು ನೋಡಿ ಕೇರಿಯಲ್ಲಿ ಒಬ್ಬರು, "ಕೂದ್ಲು ಹೋಗದ್ದೇ ಇದ್ರೆ ಅದೆಂತ ಕ್ಯಾನ್ಸರು!" ಅಂದರಂತೆ. ಅತ್ಗೆ ನಕ್ಕು, "ಬೇಕಾರೆ ಬೋಳಿಸ್ಕಂಡು ತೋರಿಸ್ತಿ" ಅಂದರು.

ನಾಲ್ಕು ಸಲ ಮುಗಿದು ಸ್ಕ್ಯಾನಾಯ್ತು. ಎದೆ ಗಡ್ಡೆ ಕುಗ್ಗಿತ್ತು. ಮಿದುಳಿನ ಎರಡು ಚುಕ್ಕೆ ಸಣ್ಣದಾಗಿದ್ದವು. ಮೂರನೆಯದು ದೊಡ್ಡದಾಗಿ ಕಾಣ್ತಿತ್ತು. ಈಗ ಕರಾರಿನ ಪ್ರಕಾರ ಎಂತ ಮಾಡೋದು? ಭಾವನಿಗೆ ಮಾತೇ ಹೊರಡಲಿಲ್ಲ. ಡಾಕ್ಟರಮ್ಮ ಹೇಳಿದರು, ವಿಕಿರಣದ ಊತವೋ, ಕಾವಲು ಕಣಗಳೇ ಅಲ್ಲಿ ಜಮಾಯಿಸಿದ್ದೋ ಇರಬಹುದು, ನಿಜವಾಗಿ ಬೆಳೆದದ್ದೂ ಇರಬಹುದು, ಒಂದೇ ಚಿತ್ರ ನೋಡಿ ಹೇಳೋಕಾಗೋದಿಲ್ಲ, ಆರು ವಾರ ಬಿಟ್ಟು ಮತ್ತೆ ನೋಡುವಾ, ಅಲ್ಲಿವರೆಗೆ ಔಷಧಿ ಮುಂದುವರಿಸುವಾ ಅಂತ. ಎಲ್ಲರೂ ಅತ್ಗೆ ಮುಖ ನೋಡಿದೆವು. ಅವರು ಬೆರಳು ಮಡಚಿ ಲೆಕ್ಕ ಹಾಕಿ, "ಇನ್ನೆರಡು ಸಲಕ್ಕೆ ಬಳೆ ಸಾಕಾಗ್ತು" ಅಂದರು.

ಆ ಆರು ವಾರ ಹಲಸಿನ ಹಪ್ಪಳದ ಕಾಲ. ಅತ್ಗೆ ಜಗಲಿಯಲ್ಲಿ ಕೂತು ಹಿಟ್ಟಿನ ಹದ ನೋಡಿದರು, ನಾವು ಒತ್ತಿದೆವು. ರಾತ್ರಿ ಅವರಿಗೆ ನಿದ್ರೆ ಬರ್ತಿರಲಿಲ್ಲ. ಒಂದಿನ ನಾನು ಪಕ್ಕದಲ್ಲಿ ಮಲಗಿದ್ದಾಗ ಕತ್ತಲಲ್ಲೇ ಹೇಳಿದರು, "ಸಾಯೂಲೆ ಹೆದ್ರಿಕೆ ಇಲ್ಲೆ ತಂಗಿ. ಒಂದಿನ ಮಾಣಿ ಹೆಸ್ರೇ ಮರ್ತೋದ್ರೆ ಹೇಳಿ ಹೆದ್ರಿಕೆ." ಅದಕ್ಕೆ ನಾನು ಎಂತ ಹೇಳಲಿ? ಕೈ ಹಿಡಿದುಕೊಂಡು ಸುಮ್ಮನಿದ್ದೆ. ಮಳೆ ಹಿಡಿದ ಮೇಲೆ ಮತ್ತೆ ಸ್ಕ್ಯಾನು. ಆ ಚುಕ್ಕೆ ಇಳಿದಿತ್ತು. ಬಂದದ್ದು ಊತವೇ.

ಕಂಪನಿ ನೆರವೂ ಅಷ್ಟೊತ್ತಿಗೆ ಮಂಜೂರಾಗಿ ಭಾರ ಕಡಿಮೆಯಾಯ್ತು. ತೋಟ ಉಳಿದಿದೆ.

ಹಾಗಂತ ಎಲ್ಲ ಸಸಾರ ಆಗಲಿಲ್ಲ. ಏಳನೇ ಸಲದ ನಂತರ ವಿಪರೀತ ಸುಸ್ತು, ಚಳಿ, ದನಿ ದಪ್ಪ. ಮಳೆಗಾಲದ ಥಂಡಿ ಅಂತ ಎಲ್ಲರೂ ಹೇಳಿದ್ದು. ರಕ್ತ ಪರೀಕ್ಷೆಯಲ್ಲಿ ಥೈರಾಯ್ಡ್ ಬಿದ್ದುಹೋಗಿತ್ತು. ನಾಯಿ ಮನೆಯವರನ್ನೂ ಕಚ್ಚೋದು ಅಂದರೆ ಇದೇ. ಈಗ ದಿನಾ ಬೆಳಗ್ಗೆ ಖಾಲಿ ಹೊಟ್ಟೆಗೆ ಮಾತ್ರೆ. ಇದು ಸಣ್ಣದು. ಕೆಲವರಿಗೆ ಶ್ವಾಸಕೋಶಕ್ಕೆ, ಕರುಳಿಗೆ, ಪಿತ್ತಕೋಶಕ್ಕೆ ಹೊಡೀತದೆ. ಹಾಗಾಗಿ ಈ ಔಷಧಿ ತಗೊಂಡವರು ಮನೆಯಲ್ಲಿದ್ದರೆ ನೆನಪಿಡಿ: ಭೇದಿ ನಿಲ್ಲದಿದ್ದರೆ, ಏದುಸಿರು ಬಂದರೆ, ಮೈ ಹಳದಿಯಾದರೆ, ಮೈತುಂಬ ದದ್ದು ಎದ್ದರೆ ಓಮದ ಕಷಾಯ ಮಾಡ್ತಾ ಕೂರಬೇಡಿ. ಕೂಡಲೇ ಆಸ್ಪತ್ರೆಗೆ ಫೋನು. ಊರ ಡಾಕ್ಟರ ಹತ್ತಿರ ಹೋದರೂ ಇಮ್ಯುನೊಥೆರಪಿ ಆಗ್ತಾ ಇದೆ ಅಂತ ಮೊದಲ ಮಾತಿಗೇ ಹೇಳಿ. ಔಷಧಿ ನಿಲ್ಲಿಸಿ ತಿಂಗಳುಗಟ್ಟಲೆ ಆದ ಮೇಲೂ ಬರಬಹುದು. ನಮ್ಮಲ್ಲಿ ನೆಟ್‌ವರ್ಕ್ ಸಿಗೋದು ಗುಡ್ಡದ ಮೇಲೆ ಮಾತ್ರ. ಅದಕ್ಕೆ ಮಾಣಿ ಆಸ್ಪತ್ರೆ ನಂಬರನ್ನು ಗೋಡೆ ಮೇಲೆ ಇದ್ದಿಲಲ್ಲಿ ಬರೆದಿಟ್ಟಿದ್ದಾನೆ, ಆಚೆಮನೆಯವರಿಗೂ ಕೊಟ್ಟಿದ್ದಾನೆ.

ಈಗ ಹದಿನಾಲ್ಕು ಸಲ ಆಗಿದೆ. ಗುಣ ಆಯ್ತು ಅಂತ ಡಾಕ್ಟರಮ್ಮ ಹೇಳಿಲ್ಲ, ಸದ್ಯಕ್ಕೆ ಸುಮ್ಮನಿದೆ ಅಂತ ಹೇಳಿದ್ದಾರೆ. ಅತ್ಗೆಗೆ ಅಷ್ಟು ಸಾಕಂತೆ. ಎಡಗೈ ಮೊದಲಿನಷ್ಟು ಚುರುಕಿಲ್ಲ, ಮೆಟ್ಟುಗತ್ತಿ ಮುಟ್ಟಲು ಬಿಡೋದಿಲ್ಲ ನಾವು. ಕರಾರು ಈಗಲೂ ಚಾಲ್ತಿಯಲ್ಲಿದೆ, ಪ್ರತಿ ಸ್ಕ್ಯಾನಿಗೂ ಹೊಸದಾಗಿ ಮಾತಾಡ್ತೇವೆ, ಅತ್ಗೆಯನ್ನು ಮಧ್ಯೆ ಕೂರಿಸ್ಕೊಂಡು.

ನೋಡಲು ಬರುವವರಿಗೆ ಒಂದು ಕೋರಿಕೆ. ಜಗಲಿಯಲ್ಲಿ ಭಾವನ ಹತ್ತಿರ "ಹೆಂಗಿದ್ದಡ?" ಅಂತ ಪಿಸುಗುಟ್ಟಬೇಡಿ. ಒಳಗೆ ಹೋಗಿ ಅವರನ್ನೇ ಕೇಳಿ. "ಎಲ್ಲ ಸರಿ ಆಗ್ತು" ಅಂತ ಹೇಳಲೇಬೇಕೆಂದಿಲ್ಲ. ಊರ ಸುದ್ದಿ ಹೇಳಿ, ಅವರಿಗೆ ಅದೇ ಇಷ್ಟ. ಡ್ರಿಪ್ಪಿಗೆ ಹೋಗಿ ಬಂದ ಮರುದಿನ ಬೇಡ, ಎರಡು ದಿನ ಬಿಟ್ಟು ಬನ್ನಿ. ಬರುವಾಗ ಹಣ್ಣಿನ ಬುಟ್ಟಿ ತರಬೇಡಿ, ತಿನ್ನುವವರಿಲ್ಲ. ಆಗೋದಾದರೆ ಒಂದು ಹೊತ್ತಿನ ಅಡಿಗೆ ಮಾಡಿಕೊಟ್ಟು ಹೋಗಿ. ಭಾವನ ತಂಬುಳಿ ಉಂಡು ಉಂಡು ಅತ್ಗೆಗೆ ಬಾಯಿ ಕೆಟ್ಟುಹೋಗಿದೆಯಂತೆ!